ಮುಂಗಡದ ಪುಸ್ತಕ ಯಾರ ಕೈಯಲ್ಲಿದೆ?

ಮಲೆ ಮಹದೇಶ್ವರ ಬೆಟ್ಟವನ್ನಿಳಿದು ಮೆಟ್ಟೂರಿನ ದಾರಿ ಹಿಡಿದವರಿಗೆ ಪಾಲಾರ್ ಪರಿಚಿತ. ಅಲ್ಲೊಂದು ಸೇತುವೆ, ಅದರಾಚೆ ತಮಿಳುನಾಡು. ಅದನ್ನು ದಾಟುವ ಕೂಲಿಯಾಳಿಗೆ ಭಾಷೆ ಬದಲಾದದ್ದು ಮಾತ್ರ ಗೊತ್ತಾಗುತ್ತದೆ, ತನ್ನನ್ನು ಕಾಯುವ ಕಾನೂನೂ ಬದಲಾಯಿತೆಂಬುದು ಗೊತ್ತಾಗುವುದಿಲ್ಲ. ಕೊಳ್ಳೇಗಾಲದ ಹಿರಿಯರಂತೂ ಊರು ಬಿಟ್ಟು ಕದಲದೆಯೇ ಎರಡು ರಾಜ್ಯಗಳ ಕಾನೂನು ಕಂಡವರು. 1956ರ ನವೆಂಬರ್ 1ರವರೆಗೆ ಈ ತಾಲೂಕು ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮದ್ರಾಸಿನಲ್ಲಿ ಆದ ಶಾಸನಗಳೇ ಇಲ್ಲಿಯೂ ನಡೆಯುತ್ತಿದ್ದವು. ಆ ಬಳಿಕ ಮೈಸೂರಿನ ಶಾಸನಗಳು ಬಂದವು. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅವುಗಳಲ್ಲೊಂದು.

ಆದ್ದರಿಂದ 'ಕಾನೂನು ದಿನಕ್ಕೊಂದು ಆಗುತ್ತದೆ, ಯಾವುದನ್ನೆಂದು ಪಾಲಿಸುವುದು?' ಎಂದು ನಮ್ಮ ಮಾಲಕರು ಕೇಳಿದರೆ ಅದು ಕುಂಟು ನೆಪವೆಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ. 2020ರ ಮೇ ತಿಂಗಳಲ್ಲಿ, ಕೊರೋನಾದ ಮಧ್ಯೆ, ರಾಜ್ಯ ಸರಕಾರವು ಕಾರ್ಖಾನೆಗಳ ದುಡಿಮೆಯನ್ನು ದಿನಕ್ಕೆ 10 ಗಂಟೆಗೆ, ವಾರಕ್ಕೆ 60 ಗಂಟೆಗೆ ಏರಿಸಿ ಅಧಿಸೂಚನೆ ಹೊರಡಿಸಿತು. ವಿಷಯ ಹೈಕೋರ್ಟಿಗೆ ಹೋಯಿತು. ಜೂನ್‌ನಲ್ಲಿ ಅದನ್ನು ಹಿಂದೆಗೆಯಲಾಯಿತು. ಮೂರು ವಾರದೊಳಗೆ ಒಂದು ನಿಯಮ ಹುಟ್ಟಿ ಸತ್ತಿತು. 2023ರ ಫೆಬ್ರವರಿಯಲ್ಲಿ ನಮ್ಮ ವಿಧಾನಮಂಡಲವು ದಿನಕ್ಕೆ 12 ಗಂಟೆಯವರೆಗಿನ ಪಾಳಿಗೆ ಅವಕಾಶ ನೀಡಿತು, ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 75ರಿಂದ 144 ಗಂಟೆಗೆ ಏರಿಸಿತು. ಅದೇ ಬಗೆಯ ಮಸೂದೆಯನ್ನು ಏಪ್ರಿಲ್‌ನಲ್ಲಿ ಅಂಗೀಕರಿಸಿದ ತಮಿಳುನಾಡು, ಕಾರ್ಮಿಕರ ವಿರೋಧಕ್ಕೆ ಮಣಿದು ಮೇ ದಿನದಂದೇ ಅದನ್ನು ಕೈಬಿಟ್ಟಿತು. ಅಂಗಡಿಯಾಳುಗಳಿಗೆ ಕುಳಿತುಕೊಳ್ಳಲು ಆಸನವಿರಬೇಕೆಂದು ಆ ರಾಜ್ಯ 2021ರಲ್ಲಿ ಕಾನೂನು ಮಾಡಿದೆ. ಕೇರಳ 2018ರಲ್ಲೇ ಮಾಡಿತ್ತು. (ಕಾನೂನು ಹೇಳಲಿ ಬಿಡಲಿ, ಜವಳಿ ಅಂಗಡಿಯಲ್ಲಿ ಬೆಳಗ್ಗಿನಿಂದ ರಾತ್ರಿವರೆಗೆ ನಿಂತೇ ಇರುವ ಹೆಣ್ಣುಮಗಳಿಗೆ ಒಂದು ಸ್ಟೂಲು ಹಾಕಲು ನಮಗೆ ಯಾರ ಅಪ್ಪಣೆ ಬೇಕಿತ್ತು?)

2025ರ ನವೆಂಬರ್ 21ರಂದು ಬಂದದ್ದು ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ. ಕೇಂದ್ರದ 29 ಕಾರ್ಮಿಕ ಕಾನೂನುಗಳು ನಾಲ್ಕು ಸಂಹಿತೆಗಳಲ್ಲಿ ಲೀನವಾದವು. ಅದೇ ತಿಂಗಳು ನಮ್ಮ ರಾಜ್ಯ ಸರಕಾರವು ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆ ನೀಡುವ ಆದೇಶವನ್ನೂ ಹೊರಡಿಸಿತು. ಅದರ ವಿರುದ್ಧ ಹೊಟೇಲ್ ಮಾಲಕರು ಹೈಕೋರ್ಟಿನ ಮೆಟ್ಟಿಲೇರಿದರು.

ಇದಾದ ಬಳಿಕ ಕೊಳ್ಳೇಗಾಲದಲ್ಲಿ ನಮ್ಮ ಪರಿಚಯದ ಒಬ್ಬ ರೀಲರ್ ಸಿಕ್ಕಿದ್ದರು. ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವ ಪುಟ್ಟ ಘಟಕ ಅವರದು. ಕೆಲಸದವರು 14 ಮಂದಿ, ಹೆಚ್ಚಿನವರು ಹೆಂಗಸರು. ಮುಖದಲ್ಲಿ ಹಬ್ಬದ ಕಳೆ.

"ಮೌಲಾನಾ, ಇನ್ನು ನಮಗೆ ಫ್ಯಾಕ್ಟರಿ ಕಾನೂನೇ ಇಲ್ಲ. 20 ಮಂದಿ ಇದ್ದರೆ ಮಾತ್ರವಂತೆ" ಎಂದರು.

ಅವರು ಕೇಳಿದ್ದು ಸುಳ್ಳಲ್ಲ, ಅರ್ಧ ನಿಜ. ವಿದ್ಯುತ್ ಬಳಸುವ ಘಟಕವನ್ನು ಕಾರ್ಖಾನೆಯೆಂದು ಕರೆಯಲು ಹಿಂದೆ 10 ಕೆಲಸಗಾರರಿದ್ದರೆ ಸಾಕಿತ್ತು, ಈಗ 20 ಬೇಕು. ಆದರೆ ಇ.ಎಸ್.ಐ.ಗೆ 10 ಜನರ ಮಿತಿ ಹಾಗೆಯೇ ಇದೆ. ಸುರಕ್ಷತೆಯ ಸಂಹಿತೆಯು ಕಾರ್ಖಾನೆಯಲ್ಲದ ಸಂಸ್ಥೆಗೂ 10 ಜನರಿದ್ದರೆ ಅನ್ವಯಿಸುತ್ತದೆ. ಅದರ ಪ್ರಕಾರ ಪ್ರತಿಯೊಬ್ಬ ಕೆಲಸಗಾರನಿಗೂ ನೇಮಕಾತಿ ಪತ್ರ ಕೊಡಬೇಕು. ಕನಿಷ್ಠ ಕೂಲಿಗಾದರೋ ತಲೆ ಎಣಿಕೆಯೇ ಇಲ್ಲ. ಒಬ್ಬನೇ ಆಳಿದ್ದರೂ ಕೊಡಲೇಬೇಕು. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೈಸೇರಬೇಕು. ಕೆಲಸ ಬಿಟ್ಟವನ ಬಾಕಿ ಎರಡು ಕೆಲಸದ ದಿನಗಳೊಳಗೆ ತೀರಬೇಕು. ಕೂಲಿ ಬಾಕಿಗೆ ದೂರು ಕೊಡಲು ಹಳೆಯ ಕನಿಷ್ಠ ಕೂಲಿ ಕಾಯ್ದೆಯಲ್ಲಿ ಆರು ತಿಂಗಳ ಗಡುವಿತ್ತು. ಈಗ ಮೂರು ವರ್ಷ. ಅಂಥ ದೂರು ಬಂದಾಗ ಕೂಲಿ ಕೊಟ್ಟಿದ್ದೇನೆಂದು ಸಾಬೀತುಪಡಿಸಬೇಕಾದವನು ಮಾಲಕ. ಕೊಟ್ಟಿಲ್ಲವೆಂದು ಸಾಬೀತುಪಡಿಸುವ ಭಾರ ಕೆಲಸದಾಕೆಯ ಮೇಲಿಲ್ಲ. ಕಡಿಮೆ ಕೂಲಿ ಕೊಟ್ಟದ್ದು ಋಜುವಾತಾದರೆ 50,000 ರೂಪಾಯಿವರೆಗೆ ದಂಡ. ಐದು ವರ್ಷದೊಳಗೆ ಅದೇ ತಪ್ಪು ಮರುಕಳಿಸಿದರೆ ಮೂರು ತಿಂಗಳವರೆಗಿನ ಜೈಲೂ ಇದೆ.

ಇಷ್ಟನ್ನು ವಿವರಿಸುವಷ್ಟರಲ್ಲಿ ಅವರ ಮುಖದ ಕಳೆ ಇಳಿದಿತ್ತು. ಬದಲಾವಣೆಯ ಸುದ್ದಿಯಲ್ಲಿ ತಮಗೆ ಅನುಕೂಲವಾದ ತುಣುಕು ಮಾತ್ರ ಎಲ್ಲರ ಕಿವಿಗೂ ಬೇಗನೆ ತಲುಪುತ್ತದೆ. ಕೆಲವರು ಇನ್ನೂ ಜಾಣರು. ಒಂದೇ ಛಾವಣಿಯ ಘಟಕವನ್ನು ಕಾಗದದಲ್ಲಿ ಮಡದಿಯ ಹೆಸರಿಗೆ ಅರ್ಧ, ತಮ್ಮನ ಹೆಸರಿಗೆ ಅರ್ಧ ಮಾಡಿ ಸಂಖ್ಯೆಯನ್ನು ಮಿತಿಯೊಳಗೆ ಇಳಿಸುತ್ತಾರೆ. ಇದನ್ನೂ ಕಾನೂನಿನ ತಿಳಿವಳಿಕೆ ಎಂದೇ ಕರೆಯಲಾಗುತ್ತದೆ!

ಆದರೆ ನಮ್ಮ ಕಳವಳ ಬೇರೆಯದು. 29 ಕಾನೂನುಗಳು ಕರಗಿದುವಷ್ಟೆ. ಆ ಪಟ್ಟಿಯಲ್ಲಿ 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆ ಇಲ್ಲ. 1986ರ ಬಾಲಕಾರ್ಮಿಕ ಕಾಯ್ದೆಯೂ ಇಲ್ಲ. ಅವೆರಡೂ ಇದ್ದಲ್ಲಿಯೇ ಇವೆ. ಕೊಳ್ಳೇಗಾಲದ ರೇಷ್ಮೆಗೆ ಅತಿ ಹತ್ತಿರದ ಕಾನೂನುಗಳು ಅವೇ ಎಂಬುದನ್ನು ಹೇಳಲು ನಮಗೆ ಸಂಕೋಚವಿದೆ, ಆದರೂ ಹೇಳಬೇಕು.

ನೂಲು ಬಿಚ್ಚುವ ಕಸುಬು ಮುಂಗಡದ ಮೇಲೆ ನಿಂತಿದೆ. ಮಗಳ ಮದುವೆಗೋ ಗಂಡನ ಆಸ್ಪತ್ರೆಗೋ ಹಣ ಬೇಕಾದಾಗ ಕೆಲಸದಾಕೆ ಮಾಲಕನ ಬಳಿ ಬರುತ್ತಾಳೆ, ಬ್ಯಾಂಕಿಗೆ ಹೋಗುವುದಿಲ್ಲ. ಮಾಲಕ ಕೊಡುತ್ತಾನೆ. ಆ ಕ್ಷಣದಲ್ಲಿ ಅದೊಂದು ಉಪಕಾರವೇ, ನಾವದನ್ನು ನಿರಾಕರಿಸುವುದಿಲ್ಲ. ಕಾನೂನು ಕೂಡಾ ಮುಂಗಡ ಕೊಡುವುದನ್ನು ಅಪರಾಧವೆನ್ನುವುದಿಲ್ಲ. ಸಂಬಳದಿಂದ ಅದನ್ನು ಮುರಿದುಕೊಳ್ಳಲೂ ಮಿತಿಯೊಳಗೆ ಅವಕಾಶವಿದೆ, ಎಲ್ಲ ಕಡಿತಗಳೂ ಸೇರಿ ಸಂಬಳದ ಅರ್ಧವನ್ನು ಮೀರಬಾರದಷ್ಟೆ. ಅಪರಾಧವಾಗುವುದು ಮುಂದಿನ ಹಂತದಲ್ಲಿ. 'ಸಾಲ ತೀರುವವರೆಗೆ ಬೇರೆ ಕಡೆ ದುಡಿಯಕೂಡದು' ಎಂದ ಕೂಡಲೇ, ಅಥವಾ ಆ ಸಾಲದ ಬಲದಿಂದ ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿಕೊಂಡ ಕೂಡಲೇ 1976ರ ಕಾಯ್ದೆಯ ಕಣ್ಣಿನಲ್ಲಿ ಅದು ಜೀತ. ಅಂಥ ಸಾಲ ಕಾನೂನಿನಲ್ಲಿ ರದ್ದಾದ ಸಾಲ. ವಸೂಲಿಗೆ ಹೋಗುವುದೇ ತಪ್ಪು. ಅದು ಜೀತದ ಸಾಲವಲ್ಲವೆಂದು ತೋರಿಸುವ ಭಾರವೂ ಕೊಟ್ಟವನ ಮೇಲೆಯೇ. ಶಿಕ್ಷೆ ಮೂರು ವರ್ಷದವರೆಗೆ. 1982ರ ಏಷ್ಯಾಡ್ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೆಂದು ಸಾರಿತ್ತು.

"ಮುಂಗಡದ ಲೆಕ್ಕ ಎಲ್ಲಿದೆ?" ಎಂದು ನಾವು ಆ ರೀಲರನ್ನು ಕೇಳಿದೆವು. ಅವರು ಮೇಜಿನ ಖಾನೆಯಿಂದ ಅಂಚು ಮುದುಡಿದ ಒಂದು ನೋಟ್‌ಬುಕ್ ತೆಗೆದರು. ಅವರದೇ ಕೈಬರಹ. ಕೊಟ್ಟದ್ದು, ಮುರಿದದ್ದು, ಮತ್ತೆ ಕೊಟ್ಟದ್ದು. ಒಬ್ಬ ಹೆಂಗಸಿನ ಪುಟ ಆರು ವರ್ಷ ಹಿಂದಿನಿಂದ ಬಂದಿತ್ತು.

"ಅವರ ಬಳಿ ಇದರ ಪ್ರತಿ ಇದೆಯೇ?"

"ಅವರಿಗೇಕೆ ಮೌಲಾನಾ? ಓದಲು ಬರುವುದಿಲ್ಲ. ನನ್ನ ಮೇಲೆ ಭರವಸೆ ಇದೆ. ತಾಯಿಗೆ ಹುಷಾರಿಲ್ಲದ ದಿನ ಮಗಳು ಬಂದು ಬೇಸಿನ್ನಿಗೆ ಕೂರುತ್ತಾಳೆ, ಅಷ್ಟು ನಂಬಿಕೆ."

ಮಗಳ ವಯಸ್ಸೆಷ್ಟೆಂದು ಕೇಳಿದೆವು. ಅವರು ಮಾತು ಬದಲಿಸಿದರು.

ಕುದಿವ ನೀರಿನಿಂದ ಎಳೆ ಹುಡುಕುವ ಆ ಕೆಲಸ ಎಂಥದೆಂದು ಅಲ್ಲಿ ದುಡಿವ ಹೆಂಗಸರ ಬೆರಳುಗಳನ್ನು ನೋಡಿದವರಿಗೆ ಹೇಳಬೇಕಿಲ್ಲ. 14 ತುಂಬದ ಮಗುವನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದೆಂದು 2016ರ ತಿದ್ದುಪಡಿ ಹೇಳುತ್ತದೆ. ತಪ್ಪಿದರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಇಲ್ಲವೇ 20ರಿಂದ 50 ಸಾವಿರ ದಂಡ, ಇಲ್ಲವೇ ಎರಡೂ. ಮನೆಯ ಕಸುಬಿನಲ್ಲಿ ಶಾಲೆಯ ಹೊತ್ತಿನಾಚೆ ನೆರವಾಗುವ ಸ್ವಂತ ಮಕ್ಕಳಿಗೆ ವಿನಾಯಿತಿಯುಂಟು, ಅದೂ ಕೆಲಸ ಅಪಾಯಕಾರಿಯಲ್ಲದಿದ್ದರೆ. ಕೆಲಸದಾಕೆಯ ಮಗಳು ಮಾಲಕನ ಕುಟುಂಬವಲ್ಲ. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು ಕರ್ನಾಟಕವೂ ಸೇರಿದಂತೆ ಭಾರತದ ರೇಷ್ಮೆ ಉದ್ಯಮದಲ್ಲಿ ಮಕ್ಕಳ ಜೀತದ ಕುರಿತು ವರದಿ ಪ್ರಕಟಿಸಿದಾಗ ಅದರ ಬೇರು ಇದೇ ಮುಂಗಡದಲ್ಲಿದೆಯೆಂದು ಬರೆದಿತ್ತು. ಆ ಬಳಿಕ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ ಎನ್ನುವವರಿದ್ದಾರೆ. ಸುಧಾರಿಸಿರಬಹುದು, ಆದರೆ ಆ ನೋಟ್‌ಬುಕ್ ಇನ್ನೂ ಮೇಜಿನ ಖಾನೆಯಲ್ಲೇ ಇದೆ.

ಕೂಲಿಯಾಳಿನ ಬೆವರಿನ ಕುರಿತ ಪ್ರವಾದಿ(ಸ) ವಚನವನ್ನು ಜುಮಾದ ಪ್ರವಚನಗಳಲ್ಲಿ ಕೇಳದವರಿಲ್ಲ. ಅಷ್ಟಾಗಿ ಕೇಳಿಬರದ ಇನ್ನೊಂದು ವಿಷಯವಿದೆ. ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಸೂಕ್ತ, ಅಲ್ ಬಕರಃ ಅಧ್ಯಾಯದ 282ನೆಯದು, ಸಾಲದ ಲೆಕ್ಕ ಬರೆದಿಡುವುದರ ಕುರಿತಾಗಿದೆ. ಅಲ್ಲಿ ಬರೆಸಬೇಕಾದವನು ಸಾಲ ಪಡೆದವನು. ಅವನಿಗೆ ಸಾಮರ್ಥ್ಯವಿಲ್ಲದಿದ್ದರೆ ಅವನ ಪರವಾಗಿರುವವನು. ಸಾಲ ಕೊಟ್ಟವನು ತನ್ನ ಇಚ್ಛೆಯಂತೆ ಬರೆದು ಖಾನೆಯಲ್ಲಿಟ್ಟು ಬೀಗ ಹಾಕುವ ಪದ್ಧತಿಯನ್ನು ನಾವು ಎಲ್ಲಿಂದ ಕಲಿತೆವು? ಅದೇ ಅಧ್ಯಾಯದ ಸೂಕ್ತ 280 ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡುವುದರ ಕುರಿತು, ಬಿಟ್ಟುಕೊಡುವುದು ಅದಕ್ಕಿಂತ ಲೇಸೆಂಬುದರ ಕುರಿತು ಇದೆ. ರಮಝಾನಿನಲ್ಲಿ ಝಕಾತಿನ ಲೆಕ್ಕವನ್ನು ಕಾಸುಕಾಸಿಗೆ ಹಾಕುವ ನಮ್ಮ ವರ್ತಕರು ಏಪ್ರಿಲ್ 1ರಿಂದ ಏರುವ ತುಟ್ಟಿಭತ್ಯೆಯ ಲೆಕ್ಕವನ್ನು ಮಾತ್ರ 'ಆಡಿಟರ್ ನೋಡಿಕೊಳ್ಳುತ್ತಾರೆ' ಎಂದು ಬಿಡುತ್ತಾರೆ.

ಮಾಲಕರನ್ನಷ್ಟೇ ದೂರಿ ಮುಗಿಸುವುದು ನ್ಯಾಯವಲ್ಲ. ಹತ್ತು ಬೇಸಿನ್‌ಗಳ ರೀಲರ್ ಶ್ರೀಮಂತನೇನಲ್ಲ. 2011ರ ಬಜೆಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಒಂದೇ ಏಟಿಗೆ ಶೇ. 30ರಿಂದ 5ಕ್ಕೆ ಇಳಿಸಿದಾಗ ಚೀನಾದ ನೂಲಿನೆದುರು ಇಂಥವರೇ ತತ್ತರಿಸಿದ್ದರು. ಬೆಳಗ್ಗೆ ಗೂಡಿನ ಹರಾಜು, ಸಂಜೆ ನೂಲಿನ ದರದ ಚಿಂತೆ. ಇವರು ಅಧಿಸೂಚನೆಗಳನ್ನು ಓದುವುದೆಂದು? ಓದಿದರೂ ಅರ್ಥವಾಗಬೇಕಲ್ಲ! ಪೋರ್ಟಲ್ಲುಗಳು ಇಂಗ್ಲಿಷಿನಲ್ಲಿ, ಕೇಂದ್ರದ ಸಂಹಿತೆಗೆ ರಾಜ್ಯದ ನಿಯಮ ಬೇರೆ, ಹಳೆಯ ನಿಯಮಗಳಲ್ಲಿ ಯಾವುದು ಉಳಿಯಿತು ಯಾವುದು ಹೋಯಿತು ಎಂಬುದಕ್ಕೆ ವಕೀಲರಲ್ಲೇ ಒಮ್ಮತವಿಲ್ಲ. ಇನ್‌ಸ್ಪೆಕ್ಟರರಿಗೆ ಹೊಸ ಸಂಹಿತೆಯು 'ಅನುವುಗಾರ'ರೆಂಬ ಹೆಸರನ್ನೂ ಜೋಡಿಸಿದೆ: ಹಲವು ತಪ್ಪುಗಳಿಗೆ ಮೊಕದ್ದಮೆ ಹೂಡುವ ಮೊದಲು ತಿದ್ದಿಕೊಳ್ಳಲು ಲಿಖಿತವಾಗಿ ಹೇಳಬೇಕು. ಹೆಸರಿಗೆ ತಕ್ಕಂತೆ ಅವರು ವರ್ಷಕ್ಕೊಮ್ಮೆ ಕೊಳ್ಳೇಗಾಲ, ಹನೂರು, ಯಳಂದೂರಿಗೆ ಬಂದು ಕನ್ನಡದಲ್ಲಿ ಒಂದು ಗಂಟೆ ಮಾತನಾಡಿದರೆ ಅರ್ಧ ಗೊಂದಲ ತೀರುತ್ತದೆ.

ನಮ್ಮ ಜಮಾಅತ್ ಸಮಿತಿಗಳೂ ಈ ವಿಷಯದಲ್ಲಿ ಮಾದರಿಯಾಗಿಲ್ಲ. ಇಮಾಮರಿಗೂ ಮುಅದ್ದಿನ್‌ಗೂ ನೇಮಕಾತಿ ಪತ್ರವಿರುವ ಮಸೀದಿಗಳೆಷ್ಟು? ಇಮಾಮರ ವೇತನದ ವಿಷಯ 1993ರಲ್ಲೇ ಸುಪ್ರೀಮ್ ಕೋರ್ಟಿನವರೆಗೆ ಹೋಗಬೇಕಾಯಿತು. ಸಂಹಿತೆ ಅವರಿಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂಬುದು ಬೇರೆ ಚರ್ಚೆ. ಒಂದು ಹಾಳೆ ಕಾಗದ ಬರೆದುಕೊಡಲು ಯಾವ ಸಂಹಿತೆಯೂ ಅಡ್ಡಿಯಿಲ್ಲ.

ಹೊರಡುವಾಗ ಆ ರೀಲರ್ ಒಂದು ಮಾತು ಹೇಳಿದರು. "ನಾನೊಬ್ಬನೇ ಮುಂಗಡ ನಿಲ್ಲಿಸಿದರೆ ನಾಳೆ ನನ್ನ ಬೇಸಿನ್ನಿಗೆ ಯಾರೂ ಬರುವುದಿಲ್ಲ. ಪಕ್ಕದವನು ಕೊಡುತ್ತಾನೆ."

ಇದು ಸತ್ಯ. ಆದ್ದರಿಂದಲೇ ಒಬ್ಬೊಬ್ಬರಿಗೆ ಉಪದೇಶಿಸುವುದರಲ್ಲಿ ಅರ್ಥವಿಲ್ಲ. ರೀಲರುಗಳು ಒಟ್ಟಾಗಿ ತೀರ್ಮಾನಿಸಬೇಕು. ಮೊದಲನೆಯದು, ಮುಂಗಡಕ್ಕೆ ಎಲ್ಲರೂ ಒಪ್ಪಿದ ಒಂದು ಮೇಲ್ಮಿತಿ. ಎರಡನೆಯದು, ಬಾಕಿಯಿದ್ದರೂ ಕೆಲಸ ಬಿಟ್ಟು ಹೋಗುವವಳನ್ನು ತಡೆಯುವುದಿಲ್ಲ, ಅವಳ ಬದಲಿಗೆ ಮಗುವನ್ನು ಕೂರಿಸುವುದಿಲ್ಲ ಎಂಬ ಕಟ್ಟುಪಾಡು. ಮತ್ತು ಲೆಕ್ಕದ ಎರಡು ಪುಸ್ತಕ. ಒಂದು ಮಾಲಕನಲ್ಲಿ, ಇನ್ನೊಂದು ಕೆಲಸದಾಕೆಯ ಮನೆಯಲ್ಲಿ, ಎರಡರಲ್ಲೂ ಇಬ್ಬರ ಗುರುತು. ಅವಳಿಗೆ ಓದಲು ಬಾರದಿರಬಹುದು. ಶಾಲೆಗೆ ಹೋಗುವ ಆ ಮಗಳಿಗೆ ಬರುತ್ತದೆ. ಇಂಥ ಸಭೆಗೆ ಸಭಾಂಗಣವನ್ನೇನೂ ಬಾಡಿಗೆಗೆ ಹಿಡಿಯಬೇಕಾಗಿಲ್ಲ. ಕೊಳ್ಳೇಗಾಲದ ಗೂಡಿನ ಮಾರುಕಟ್ಟೆಗೆ ರೀಲರುಗಳು ಹೇಗೂ ಬರುತ್ತಾರೆ. ಏಪ್ರಿಲ್‌ನ ಮೊದಲ ವಾರ ಒಂದು ದಿನ ಹರಾಜು ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ನಿಂತರೆ ಸಾಕು. ಆ ವರ್ಷದ ಕೂಲಿ ದರವನ್ನೂ ಯಾರಾದರೊಬ್ಬರು ಗಟ್ಟಿಯಾಗಿ ಓದಿ ಹೇಳಲಿ.