ಎತ್ತಿಗೆ ಕನ್ನಡಕ ತೊಡಿಸಿದರೆ ಸಾಕೆ?

ವಿನೋದಚಿತ್ರವನ್ನು ಬರೆಯುವುದು ಸುಲಭವೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಭಾವಚಿತ್ರ ಬರೆಯುವವನು ಮೂಗಿನ ಅಳತೆ ತಪ್ಪಿದರೆ ಸಿಕ್ಕಿಬೀಳುತ್ತಾನೆ. ವಿನೋದಚಿತ್ರದಲ್ಲಾದರೋ ಮೂಗು ಎಲ್ಲಿದ್ದರೂ ನಡೆದೀತು ಎಂಬುದು ಸಾಮಾನ್ಯವಾದ ನಂಬಿಕೆ. ಈ ನಂಬಿಕೆ ಎಷ್ಟು ಪೊಳ್ಳೆಂಬುದು ನನಗೆ ಮನದಟ್ಟಾದದ್ದು ಸಂತಪುರದ ಮಿತ್ರರೊಬ್ಬರ ಮನೆಯಲ್ಲಿ, ಅರ್ಧ ಮುಗಿದ ಒಂದು ಚಿತ್ರದ ಮುಂದೆ.

ಸಂತಪುರ ಬೀದರ ಜಿಲ್ಲೆಯ ಔರಾದ ತಾಲ್ಲೂಕಿನ ಊರು. ಕನ್ನಡ, ಮರಾಠಿ, ಉರ್ದು, ತೆಲುಗು ನುಡಿಗಳು ಒಂದನ್ನೊಂದು ತಾಗಿಕೊಂಡೇ ಬದುಕುವ ಗಡಿಯ ಸೀಮೆ. ಮಕ್ಕಳ ಪುಸ್ತಕವೊಂದಕ್ಕಾಗಿ ಮಿತ್ರರು ಕೈಗೊಂಡಿದ್ದ ಚಿತ್ರದ ವಸ್ತು ಇಷ್ಟೆ: ಊರಿನ ಎತ್ತುಗಳು ಜಾತ್ರೆಗೆ ಹೊರಟಿವೆ. ಗಾಡಿಯೊಳಗೆ ಎತ್ತುಗಳು ಕುಳಿತಿವೆ. ನೊಗಕ್ಕೆ ಮನುಷ್ಯರು ಹೆಗಲು ಕೊಟ್ಟಿದ್ದಾರೆ. ಕಲ್ಪನೆ ಸೊಗಸಾಗಿಯೇ ಇತ್ತು. ಮೊದಲ ಬರಹದಲ್ಲಿ ಅವರು ಒಂದು ಎತ್ತಿಗೆ ಕನ್ನಡಕವನ್ನೂ ಇನ್ನೊಂದಕ್ಕೆ ಪೇಟವನ್ನೂ ಮತ್ತೊಂದಕ್ಕೆ ಹುರಿಮೀಸೆಯನ್ನೂ ಇಟ್ಟಿದ್ದರು. ಅದನ್ನು ಕಂಡ ಅವರ ಪುಟ್ಟ ಮಗಳು ನಗಲಿಲ್ಲ. “ಇದು ಯಾರ ಮನೆಯ ಎತ್ತು?” ಎಂದು ಕೇಳಿದಳಂತೆ. ಮಿತ್ರರಲ್ಲಿ ಉತ್ತರವಿರಲಿಲ್ಲ. ಅದು ಯಾರ ಮನೆಯ ಎತ್ತೂ ಆಗಿರಲಿಲ್ಲ; ಎತ್ತಿನ ಮುಖವಾಡ ಧರಿಸಿದ ಮನುಷ್ಯನಾಗಿತ್ತು.

ಮರುದಿನದಿಂದ ಅವರು ಲೇಖನಿಯನ್ನು ಬದಿಗಿಟ್ಟು ಕೊಟ್ಟಿಗೆಗಳನ್ನು ಸುತ್ತಿದರು. ಆ ಸೀಮೆಯದು ದೇವಣಿ ತಳಿ. ಉಬ್ಬಿದ ಹಣೆ, ಜೋಲುವ ಕಿವಿ. ರೈತರು ಅದರಲ್ಲಿ ಬಣ್ಣದಿಂದ ಮೂರು ಬಗೆಗಳನ್ನು ಗುರುತಿಸುತ್ತಾರೆ. ಬಿಳಿಯ ಮೈ, ಮುಖದ ಎರಡು ಪಕ್ಕ ಕಪ್ಪಾಗಿದ್ದರೆ ಅದು ವನ್ನೇರಾ. ಮೈಯೆಲ್ಲ ಬೆಳ್ಳಗಿದ್ದು ಕೆಳಭಾಗದಲ್ಲಿ ಮಾತ್ರ ಕಪ್ಪು ಚುಕ್ಕೆಗಳಿದ್ದರೆ ಬಾಲಂಕ್ಯಾ. ಬಿಳಿಯ ಮೈಮೇಲೆ ಅಂಕೆಯಿಲ್ಲದೆ ಕಪ್ಪು ಮಚ್ಚೆಗಳು ಚೆಲ್ಲಿದ್ದರೆ ಶೇವರಾ. ಇಷ್ಟನ್ನು ನೋಡಿ ಬಂದ ಮೇಲೆ ಪಾತ್ರಗಳು ತಾವಾಗಿಯೇ ಎದ್ದು ನಿಂತವು. ವನ್ನೇರಾ, ಊರಿನ ಗುಟ್ಟೆಲ್ಲವನ್ನೂ ಬಲ್ಲ, ಆದರೆ ಬಾಯಿಬಿಡದ ಹಿರಿಯ. ಬಾಲಂಕ್ಯಾ, ಮೇಲೆ ಮಡಿ ಕಾಯ್ದುಕೊಂಡು ಕೆಸರಿನಲ್ಲಿ ಕದ್ದು ನಡೆದುಬಂದ ಸಂಭಾವಿತ. ಶೇವರಾ, ಮಸಿಕುಡಿಕೆಯನ್ನು ಮೈಮೇಲೆ ಉರುಳಿಸಿಕೊಂಡ ಶಾಲೆಯ ಹುಡುಗ. ಕನ್ನಡಕ ಹೋಯಿತು, ಪೇಟ ಹೋಯಿತು, ಮೀಸೆಯೂ ಹೋಯಿತು. ಆಗ ಮಗಳು ನಕ್ಕಳು.

ವಿನೋದವೆಂಬುದು ಹೊರಗಿನಿಂದ ತಂದು ಅಂಟಿಸುವ ವಸ್ತುವಲ್ಲ. ಇರುವುದನ್ನು ಚೆನ್ನಾಗಿ ನೋಡಿದವನಿಗೆ ಮಾತ್ರ ಒಲಿಯುವಂಥದು. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿ, ವಿದ್ಯಾರ್ಥಿದೆಸೆಯಲ್ಲಿಯೇ ‘ಕೊರವಂಜಿ’ಗೆ ಚಿತ್ರ ಬರೆದ ಆರ್. ಕೆ. ಲಕ್ಷ್ಮಣರ ಉದಾಹರಣೆಯನ್ನೇ ನೋಡಬಹುದು. ಮುಂದೆ ಪತ್ರಿಕೆಯ ವ್ಯಂಗ್ಯಚಿತ್ರಗಳಲ್ಲಿ ಅವರು ದೇಶದ ಜನಸಾಮಾನ್ಯರನ್ನು ತೋರಿಸಲು ಮೊದಲು ನಾನಾ ಪ್ರಾಂತಗಳ ಜನರ ಗುಂಪನ್ನೇ ಬರೆಯುತ್ತಿದ್ದರು. ದಿನದಿನದ ಗಡುವಿನ ಒತ್ತಡದಲ್ಲಿ ಗುಂಪು ಕರಗುತ್ತ ಬಂದು, ಕೊನೆಗೆ ಉಳಿದವನು ಚೌಕಳಿ ಕೋಟಿನ, ಧೋತರದ, ಬೋಳುತಲೆಯ ಒಬ್ಬನೇ ಮುದುಕ. ಅವನು ಮಾತನಾಡುವುದಿಲ್ಲ. ಅವನಿಗೂ ಕನ್ನಡಕವುಂಟು, ಆದರೆ ಅದು ಯಾರೋ ತೊಡಿಸಿದ ಕನ್ನಡಕವಲ್ಲ, ಅವನದೇ. ನೂರು ಮುಖಗಳನ್ನು ಬರೆದು ಬಲ್ಲವನಿಗೆ ಮಾತ್ರ ತೊಂಬತ್ತೊಂಬತ್ತನ್ನು ಅಳಿಸುವ ಅಧಿಕಾರವುಂಟು.

ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ ಮೊಲಕ್ಕೆ ನೀಲಿ ಅಂಗಿ ತೊಡಿಸಲಿಲ್ಲವೆ ಎಂದು ಯಾರಾದರೂ ಕೇಳಬಹುದು. ತೊಡಿಸಿದಳು, ನಿಜ. ಆದರೆ ಆಕೆ ಮನೆಯಲ್ಲಿ ಮೊಲಗಳನ್ನು ಸಾಕಿ, ಅವುಗಳ ಒಂದೊಂದು ಭಂಗಿಯನ್ನೂ ಬರೆದು ಕೈ ಪಳಗಿಸಿಕೊಂಡಿದ್ದಳು. 1893ರಲ್ಲಿ ಕಾಯಿಲೆಯ ಹುಡುಗನೊಬ್ಬನಿಗೆ ಬರೆದ ಪತ್ರದಲ್ಲಿ ಹುಟ್ಟಿದ ಆ ಮೊಲ 1902ರಲ್ಲಿ ಪ್ರಕಾಶಕರ ಮೂಲಕ ಪುಸ್ತಕವಾಗಿ ಹೊರಬಂದಿತು. ಅಂಗಿಯ ಒಳಗೆ ಇರುವುದು ಮೊಲವೇ. ಆದುದರಿಂದಲೇ ಅಂಗಿ ಒಪ್ಪುತ್ತದೆ.

ಬೀದರ ಕೋಟೆಯ ಶರ್ಜಾ ದರವಾಜೆಯ ಮೇಲೆ ಕಲ್ಲಿನಲ್ಲಿ ಕೆತ್ತಿದ ಎರಡು ಮೃಗಗಳಿವೆ. ಅವು ಅರಸೊತ್ತಿಗೆಯ ಲಾಂಛನಗಳು. ಒಂದರಿಂದ ಮತ್ತೊಂದನ್ನು ಬೇರೆಯಾಗಿ ಗುರುತಿಸುವ ಅಗತ್ಯ ಅಲ್ಲಿಲ್ಲ. ಲಾಂಛನಕ್ಕೆ ಗಾಂಭೀರ್ಯ ಸಾಕು, ಪಾತ್ರಕ್ಕೆ ಹೆಸರು ಬೇಕು. ನಮ್ಮ ಮಕ್ಕಳ ಪುಸ್ತಕಗಳಲ್ಲಿ ಕಾಣುವ ಎಷ್ಟೋ ಪ್ರಾಣಿಗಳು ಗಾಂಭೀರ್ಯವೂ ಇಲ್ಲದ, ಹೆಸರೂ ಇಲ್ಲದ ಲಾಂಛನಗಳಾಗಿವೆ. ಮಿತ್ರರಿಗೆ ಒಬ್ಬ ಪ್ರಕಾಶಕರು, ಎತ್ತು ಎಲ್ಲ ಊರಿಗೂ ಸಲ್ಲುವಂತಿರಲಿ, ಮಚ್ಚೆಗಳನ್ನು ತೆಗೆದುಬಿಡಿ ಎಂದು ಸಲಹೆಯಿತ್ತರಂತೆ. ಎಲ್ಲ ಊರಿಗೂ ಸಲ್ಲುವ ಎತ್ತು ಯಾವ ಊರಿನ ಹೊಲವನ್ನೂ ಉತ್ತುದಿಲ್ಲ.

ಚಿತ್ರಕಲೆಯನ್ನು ಕಲಿಸುವ ಉಪಾಧ್ಯಾಯರಲ್ಲಿ ನನ್ನದೊಂದು ಬಿನ್ನಹ. ಕರಿಹಲಗೆಯ ಮೇಲಿನ ಎತ್ತನ್ನು ನೋಡಿ ಬರೆಯಿರೆಂದು ಮಕ್ಕಳಿಗೆ ಹೇಳಬೇಡಿ. ಮನೆಗೆ ಹೋಗುವ ದಾರಿಯ ಎತ್ತನ್ನು ನೋಡಿ ಬನ್ನಿರೆಂದು ಹೇಳಿ. ಗೆರೆ ಸೊಟ್ಟಗಾದರೆ ಚಿಂತೆಯಿಲ್ಲ. ತನ್ನ ಊರಿನ ಎತ್ತು ಚಿತ್ರಕ್ಕೆ ಯೋಗ್ಯವೆಂದು ತಿಳಿದ ಮಗು, ತನ್ನ ಊರಿನ ಮಾತೂ ಬದುಕೂ ಪುಸ್ತಕಕ್ಕೆ ಯೋಗ್ಯವೆಂದು ಒಂದು ದಿನ ತಿಳಿಯುತ್ತದೆ. ಗಡಿಸೀಮೆಯ ಮಗುವಿಗೆ ಇದು ಸಣ್ಣ ಲಾಭವಲ್ಲ.

ಮಿತ್ರರ ಚಿತ್ರ ಇನ್ನೂ ಮುಗಿದಿಲ್ಲ. ಗಾಡಿಯೊಳಗಿನ ಎತ್ತುಗಳು ಸಿದ್ಧವಾಗಿವೆ. ನೊಗಕ್ಕೆ ಹೆಗಲು ಕೊಟ್ಟ ಮನುಷ್ಯರಿಗೆ ಮಾತ್ರ ಇನ್ನೂ ಮುಖ ಬಂದಿಲ್ಲ. ಅದಕ್ಕಾಗಿ ಅವರು ಈಗ ಊರನ್ನು ಸುತ್ತುತ್ತಿದ್ದಾರೆ.