ನಾಟಿಯ ದಿನವನ್ನು ಊರೇ ಗೊತ್ತುಮಾಡಲಿ

ಭತ್ತಕ್ಕೆ ಕಂದು ಜಿಗಿಹುಳು ಬಿದ್ದಾಗ ನಾವು ಒಬ್ಬೊಬ್ಬರೇ ಔಷಧಿ ಡಬ್ಬಿ ಹಿಡಿದು ಗದ್ದೆಗೆ ಓಡುತ್ತೇವೆ. ಆದರೆ ಇದು ಒಬ್ಬರ ಗದ್ದೆಯಲ್ಲಿ ಮುಗಿಯುವ ಕೆಲಸವಲ್ಲ, ಇಡೀ ಊರಿನ ಕೆಲಸವೆಂಬುದು ನನ್ನ ಅಭಿಪ್ರಾಯ.

ಈ ಹುಳುವಿಗೆ ಭತ್ತವೇ ಆಹಾರ. ಸುಮಾರು ಒಂದು ತಿಂಗಳಿಗೆ ಅದರ ಒಂದು ಪೀಳಿಗೆ ಮುಗಿಯುತ್ತದೆ. ಒಂದೇ ನಾಲೆಯ ಕೆಳಗೆ ಒಬ್ಬರು ಇಂದು, ಇನ್ನೊಬ್ಬರು ತಿಂಗಳು ಬಿಟ್ಟು ನಾಟಿ ಮಾಡಿದರೆ ಅದಕ್ಕೆ ಗದ್ದೆಯಿಂದ ಗದ್ದೆಗೆ ಔತಣವೇ ಸರಿ. ಎಲ್ಲರೂ ಎರಡು ವಾರದೊಳಗೆ ನಾಟಿ ಮುಗಿಸಿ, ಒಟ್ಟಿಗೆ ಕೊಯ್ದು, ಕೂಳೆ ಉತ್ತು, ಕೆಲವು ವಾರ ಗದ್ದೆಯನ್ನು ಬರಿದು ಬಿಟ್ಟರೆ ಹುಳುವಿಗೆ ಉಪವಾಸ.

ಇದು ಗೊತ್ತಿದ್ದೂ ಏಕೆ ನಡೆಯುತ್ತಿಲ್ಲ? ರೈತನ ದಡ್ಡತನದಿಂದಲ್ಲ. ಒಬ್ಬನೇ ಮುಂಚೆ ನಾಟಿ ಮಾಡಿದರೆ ಊರಿನ ಇಲಿ, ಹಕ್ಕಿಗಳೆಲ್ಲ ಅವನ ಪಾಲಿಗೆ. ಒಬ್ಬನೇ ಹಿಂದೆ ಬಿದ್ದರೆ ಹುಳುವೆಲ್ಲ ಅವನ ಪಾಲಿಗೆ. ಆದ್ದರಿಂದ ಪ್ರತಿಯೊಬ್ಬನೂ ಪಕ್ಕದವನ ಮುಖ ನೋಡುತ್ತ ಕೂರುತ್ತಾನೆ. ಇಂಥ ತೊಡಕನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲಿಂಗ್ 1960ರ ತಮ್ಮ ಪುಸ್ತಕದಲ್ಲಿ ವಿವೇಚಿಸಿದ್ದಾರೆ. ಜನ ಒಂದಾಗಲು ಎಲ್ಲರ ಕಣ್ಣಿಗೂ ಬೀಳುವ ಒಂದು ಗುರುತು ಬೇಕು. ನಮ್ಮ ಹಿರಿಯರಿಗೆ ಮಳೆ ನಕ್ಷತ್ರಗಳೇ ಆ ಗುರುತಾಗಿದ್ದವು. ನಾಲೆಯ ನೀರು ಬಂದ ಮೇಲೆ ಅದು ಮಸುಕಾಯಿತು.

ಇಂಡೊನೇಷ್ಯದ ಬಾಲಿ ದ್ವೀಪದ ಅನುಭವ ಇಲ್ಲಿ ನೆನೆಯತಕ್ಕದ್ದು. ಅಲ್ಲಿ 'ಸುಬಾಕ್' ಎಂಬ ರೈತರ ನೀರಾವರಿ ಸಂಘಗಳು ನೀರಿನ ದೇವಾಲಯಗಳಲ್ಲಿ ಸಭೆ ಸೇರಿ ನಾಟಿಯ ಕಾಲವನ್ನು ಗೊತ್ತುಮಾಡುತ್ತವೆ. 1970ರ ದಶಕದಲ್ಲಿ ಸರ್ಕಾರ ಹೊಸ ತಳಿ ಕೊಟ್ಟು, ಬಿಡುವಿಲ್ಲದೆ ಬೆಳೆಯಿರಿ ಎಂದಿತು. ಸರದಿ ತಪ್ಪಿತು. ನೀರಿನ ಪರದಾಟ, ಕೀಟದ ಹಾವಳಿ ಎರಡೂ ಹೆಚ್ಚಿದವು. ಕೊನೆಗೆ ರೈತರು ಹಳೆಯ ಸರದಿಗೇ ಮರಳಿದರು. ಇದನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಒಂದು ಸೂಕ್ಷ್ಮ ಕಂಡರು. ಮೇಲ್ಭಾಗದವನಿಗೆ ನೀರಿನ ಕೊರತೆಯಿಲ್ಲ, ಆದರೆ ಕೀಟದ ಭಯವಿದೆ. ಕೊನೆಭಾಗದವನಿಗೆ ನೀರಿನದೇ ಚಿಂತೆ. ಆದ್ದರಿಂದ ಮೇಲಿನವನು ನೀರು ಬಿಟ್ಟುಕೊಡುತ್ತಾನೆ, ಕೆಳಗಿನವನು ಜೊತೆಯಲ್ಲೇ ನಾಟಿ ಮಾಡುತ್ತಾನೆ. ಇಬ್ಬರಿಗೂ ಲಾಭ.

ತುಂಗಭದ್ರಾ, ಭದ್ರಾ ಅಚ್ಚುಕಟ್ಟುಗಳಲ್ಲೂ ಇದೇ ಲೆಕ್ಕ ಹೊಂದುತ್ತದೆ. ನೀರು ಬಿಡುವ ದಿನ ಪ್ರಕಟವಾದ ಕೂಡಲೇ ಒಂದು ಉಪನಾಲೆಯ ರೈತರೆಲ್ಲ ಸಭೆ ಸೇರಿ, ಸಸಿಮಡಿ ಹಾಕುವ ಮತ್ತು ನಾಟಿಯ ದಿನಗಳನ್ನು ನಿಶ್ಚಯಿಸಿರಿ. ನೀರು ಸಾಲದಿದ್ದರೆ ಉಪನಾಲೆಗಳು ಸರದಿಯಂತೆ ಹೋಗಲಿ, ಆದರೆ ಒಂದು ಉಪನಾಲೆಯೊಳಗೆ ಹಿಂದುಮುಂದು ಬೇಡ. ನಿಶ್ಚಯವನ್ನು ಡಂಗುರ ಹೊಡೆಸಿರಿ, ಸಹಕಾರ ಸಂಘದ ಹಲಗೆಯ ಮೇಲೆ ಬರೆಸಿರಿ. ಮನೆಮನೆಗೆ ಹೋಗಿ ಕಿವಿಯಲ್ಲಿ ಹೇಳಿದರೆ ಸಾಲದು. ತನಗೆ ತಿಳಿದದ್ದು ನೆರೆಯವನಿಗೂ ತಿಳಿದಿದೆಯೆಂಬ ಭರವಸೆ ಪ್ರತಿಯೊಬ್ಬನಿಗೂ ಬರಬೇಕು. ಧೈರ್ಯ ಹುಟ್ಟುವುದು ಅದರಿಂದಲೇ.

ನೀರು ಬಿಡುವ ದಿನವನ್ನು ಸಾಕಷ್ಟು ಮುಂಚಿತವಾಗಿ ತಿಳಿಸುವುದು ಸರ್ಕಾರದ ಹೊಣೆ. ದಿನ ಹೇಳದೆ ರೈತರಲ್ಲಿ ಒಗ್ಗಟ್ಟಿಲ್ಲವೆಂದು ದೂರುವುದು ಸಲ್ಲದು. ವಾಚನಾಲಯದಲ್ಲಿ ಇದನ್ನು ಓದುತ್ತಿರುವವರು ಪಕ್ಕದಲ್ಲಿ ಕುಳಿತವರಿಗೂ ಓದಿ ಹೇಳಿ, ಸಭೆಯ ದಿನವನ್ನು ಇಂದೇ ಗೊತ್ತುಮಾಡಿರಿ.