ಸೆಲ್ಫ್ ಹೊಡೆಯುತ್ತದೆ, ಗಾಡಿ ಚಾಲೂ ಆಗುವುದಿಲ್ಲ



ಕಾರು ಎಂಬುದು ಈಗ ಪಟ್ಟಣದವರ ಸೊತ್ತಾಗಿ ಉಳಿದಿಲ್ಲ. ತೊಗರಿ ಕೈಹಿಡಿದ ವರುಷ ಹಳೆಯದೊಂದು ಕಾರನ್ನು ಕೊಂಡು ತಂದು ಅಂಗಳದಲ್ಲಿ ನಿಲ್ಲಿಸಿದ ಒಕ್ಕಲುತನದ ಮನೆಗಳು ನಮ್ಮ ನಿಂಬರ್ಗಾ ಸುತ್ತಿನಲ್ಲಿಯೂ ಇವೆ. ತಂದ ದಿನ ಪೂಜೆ ಮಾಡಿ ಕಾಯಿ ಒಡೆಯುತ್ತೇವೆ. ಆದರೆ ಅದರ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿಯುವ ಗೋಜಿಗೆ ಹೋಗುವುದಿಲ್ಲ. ಈ ಅಲಕ್ಷ್ಯದ ಫಲವನ್ನು ಒಂದು ರಾತ್ರಿ ನಮ್ಮ ಮನೆಯೇ ಉಂಡಿತು.

ತೊಗರಿ ರಾಶಿಯ ದಿನಗಳು. ಹೆರಿಗೆಗೆಂದು ತವರಿಗೆ ಬಂದಿದ್ದ ತಮ್ಮನ ಮಗಳಿಗೆ ನಡುರಾತ್ರಿ ಬೇನೆ ಕಾಣಿಸಿಕೊಂಡಿತು. ಹೆಂಗಸರು ಅವಳನ್ನು ಕೈಹಿಡಿದು ತಂದು ಕಾರಿನಲ್ಲಿ ಕೂಡಿಸಿದರು. ತಮ್ಮ ಚಾವಿ ತಿರುವಿದ. ಸೆಲ್ಫ್ ಗರಗರನೆ ಹೊಡೆಯಿತು. ಗಾಡಿ ಮಾತ್ರ ಚಾಲೂ ಆಗಲಿಲ್ಲ. ಮತ್ತೆ ತಿರುವಿದ, ಮತ್ತೆ ಅದೇ. ಓಣಿಯವರೆಲ್ಲ ಎದ್ದು ಬಂದರು. ಒಬ್ಬರು ತಳ್ಳಿರೆಂದರು, ಇನ್ನೊಬ್ಬರು ಎಕ್ಸಲೇಟರ್ ಒತ್ತಿ ಹಿಡಿಯಿರೆಂದರು. ತಳ್ಳಿದೆವು, ಒತ್ತಿದೆವು, ಕೊನೆಗೆ ಬ್ಯಾಟರಿಯೂ ಸೋತಿತು. ಅರ್ಧ ತಾಸು ಕಳೆದ ಮೇಲೆ ನನ್ನ ಮನೆಯಾಕೆ, “ಇದರ ಜೋಡಿ ಯಾಕ ಗುದ್ದಾಡ್ತೀರಿ? 108ಕ್ಕ ಫೋನ್ ಹಚ್ರಿ” ಎಂದಾಗಲೇ ನಮಗೆ ಬುದ್ಧಿ ಬಂದದ್ದು. ಆಂಬುಲೆನ್ಸ್ ಬಂದಿತು, ತಾಯಿ ಮಗು ಎರಡೂ ಉಳಿದವು. ಆದರೆ ಆ ಅರ್ಧ ತಾಸು ಇಂದಿಗೂ ನನ್ನ ಎದೆಯಲ್ಲಿ ಚುಚ್ಚುತ್ತದೆ.

ಮರುದಿನ ಬಂದ ಮೆಕ್ಯಾನಿಕ್ ಹುಡುಗ ಬಾನೆಟ್ ಎತ್ತುವ ಮೊದಲೇ ಒಂದು ಪ್ರಶ್ನೆ ಕೇಳಿದ: “ಕಾಕಾ, ಚಾವಿ ತಿರುವಿದಾಗ ಹಿಂದಿನ ಸೀಟಿನ ಬುಡಕ ಗುಂಯ್ ಅಂತ ಸಪ್ಪಳ ಬರ್ತಿತ್ತೇನ್ರಿ?” ನಾವು ಯಾರೂ ಕಿವಿಗೊಟ್ಟಿರಲಿಲ್ಲ. ಇಲಿಯೊಂದು ಪೆಟ್ರೋಲ್ ಪಂಪಿನ ವೈರನ್ನು ಕಡಿದಿತ್ತು. ಬತ್ತಲಾದ ವೈರು ಬಾಡಿಗೆ ತಗಲಿ ಫ್ಯೂಸ್ ಹೋಗಿತ್ತು. ಕೆಲವೇ ರೂಪಾಯಿಯ ಫ್ಯೂಸು, ಗೇಣುದ್ದ ಟೇಪು, ಅಷ್ಟರಿಂದ ಕೆಲಸ ಮುಗಿಯಿತು. ಅಂದು ಆ ಹುಡುಗನಿಂದ ಕಲಿತದ್ದನ್ನೂ ಅನಂತರ ಓದಿ ಕೇಳಿ ತಿಳಿದದ್ದನ್ನೂ ಈ ಸಲ ನಿಮ್ಮ ಮುಂದಿಡುತ್ತೇನೆ.

ಸೆಲ್ಫ್ ಬೇರೆ, ಎಂಜಿನ್ ಬೇರೆ ಎಂಬುದನ್ನು ಮೊದಲು ತಿಳಿಯಬೇಕು. ಸೆಲ್ಫ್ ಎಂಬುದು ಬ್ಯಾಟರಿಯಿಂದ ತಿರುಗುವ ಒಂದು ಮೋಟಾರು. ಎಂಜಿನ್ನು ತಾನಾಗಿ ಓಡತೊಡಗುವವರೆಗೆ ಅದನ್ನು ತಿರುವಿ ಕೊಡುವುದಷ್ಟೇ ಅದರ ಕೆಲಸ. ಹಿಂದೆ ಇದೇ ಕೆಲಸವನ್ನು ಅಂಬಾಸಿಡರ್ ಕಾರಿನ ಮುಂಭಾಗದಲ್ಲಿ ಕಬ್ಬಿಣದ ಹ್ಯಾಂಡಲ್ ತೂರಿಸಿ ಕೈಯಿಂದ ಮಾಡುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. 1912ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸೆಲ್ಫ್ ಬಂದ ಮೇಲೆ ಕೈ ಮುರಿದುಕೊಳ್ಳುವ ಆ ಕಷ್ಟ ಕ್ರಮೇಣ ತಪ್ಪಿತು. ಆದುದರಿಂದ ಸೆಲ್ಫ್ ಚೆನ್ನಾಗಿ ಹೊಡೆಯುತ್ತಿದ್ದರೆ ಗಾಡಿಯನ್ನು ತಳ್ಳುವುದರಲ್ಲಿ ಅರ್ಥವಿಲ್ಲ. ತಳ್ಳುವುದರಿಂದಲೂ ಆಗುವುದು ಎಂಜಿನ್ ತಿರುಗುವುದೇ; ಅದು ಆಗಲೇ ತಿರುಗುತ್ತಿದೆಯಲ್ಲ! ಕೊರತೆ ಇರುವುದು ಬೇರೆಡೆಯಲ್ಲಿ.

ಒಲೆ ಹೊತ್ತಲು ಕಟ್ಟಿಗೆ, ಗಾಳಿ, ಕಿಡಿ ಮೂರೂ ಬೇಕೆಂಬುದನ್ನು ನಮ್ಮ ತಾಯಂದಿರಿಗೆ ಹೇಳಬೇಕಾಗಿಲ್ಲ. ಪೆಟ್ರೋಲ್ ಎಂಜಿನ್ನಿಗೂ ಇವೇ ಬೇಕು. ಜೊತೆಗೆ ಸಿಲಿಂಡರಿನೊಳಗೆ ಬಿಗಿಯಾದ ಒತ್ತಡವೂ ಬೇಕು. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಕೂಡಿ, ಅದು ಒತ್ತಲ್ಪಟ್ಟು, ಸರಿಯಾದ ಗಳಿಗೆಯಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಿಡಿ ಬಿದ್ದರೆ ಎಂಜಿನ್ ಏಳುತ್ತದೆ. ಪ್ಲಗ್ಗೆಂದರೆ ನಮ್ಮಲ್ಲಿ ಬಹುಕಾಲ ‘ಮೈಕೋ’ ಎಂದೇ ಮಾತು. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಆ ಕಂಪನಿ 2008ರಲ್ಲಿ ಬಾಷ್ ಎಂಬ ಹೆಸರನ್ನು ತಳೆಯಿತು.

ಇನ್ನು ಕ್ರಮವಾಗಿ ಪರೀಕ್ಷಿಸೋಣ.

ಮೊದಲನೆಯದು ಕಿವಿಯ ಪರೀಕ್ಷೆ. ಸೆಲ್ಫ್ ಎಂದಿನ ಗತಿಯಲ್ಲಿ ಹೊಡೆಯುತ್ತಿದೆಯೇ? ನರಳುತ್ತ ನಿಧಾನವಾಗಿ ತಿರುಗಿದರೆ ಬ್ಯಾಟರಿ ಸೋತಿದೆ ಅಥವಾ ಅದರ ಟರ್ಮಿನಲ್ಲಿಗೆ ಕಿಲುಬು ಹಿಡಿದಿದೆ. ಸೋತ ಬ್ಯಾಟರಿ ಎಂಜಿನ್ನನ್ನು ಹೇಗೋ ತಿರುವಿದರೂ ಕಿಡಿಗೆ ಬೇಕಾದ ವಿದ್ಯುತ್ತನ್ನು ಉಳಿಸದಿರಬಹುದು. ಎಂದಿಗಿಂತ ಹಗುರಾಗಿ, ತಡೆಯೇ ಇಲ್ಲದಂತೆ ಸುಯ್ಯನೆ ತಿರುಗಿದರೆ ಟೈಮಿಂಗ್ ಬೆಲ್ಟ್ ಹರಿದಿರುವ ಶಂಕೆ ಇದೆ. ಆಗ ಚಾವಿಯನ್ನು ಮತ್ತೆ ಮುಟ್ಟದೆ ಮೆಕ್ಯಾನಿಕ್‌ಗೆ ಹೇಳಿಕಳಿಸಿರಿ. ಹಟ ಮಾಡಿದರೆ ಒಳಗಿನ ವಾಲ್ವುಗಳು ಬಾಗಬಹುದು.

ಎರಡನೆಯದು ಕಣ್ಣಿನ ಪರೀಕ್ಷೆ. ಪೆಟ್ರೋಲಿನ ಮುಳ್ಳನ್ನು ನೋಡಿರಿ. ಹಳೆಯ ಗಾಡಿಗಳಲ್ಲಿ ಮುಳ್ಳು ಸುಳ್ಳು ಹೇಳುವುದುಂಟು. ಈಚಿನ ಕಾರುಗಳಲ್ಲಿ ಚಾವಿಯ ಅಥವಾ ಬೀಗದ ಗುರುತಿನ ಸಣ್ಣ ದೀಪ ಒಂದೇ ಸಮನೆ ಮಿನುಗುತ್ತಿದ್ದರೆ, ಕಾರು ತನ್ನ ಚಾವಿಯನ್ನೇ ಗುರುತಿಸುತ್ತಿಲ್ಲವೆಂದು ಅರ್ಥ. ಕಳ್ಳರಿಂದ ಕಾಯಲು ಇಟ್ಟ ಈ ವ್ಯವಸ್ಥೆ ಒಮ್ಮೊಮ್ಮೆ ಯಜಮಾನನನ್ನೂ ತಡೆಯುತ್ತದೆ. ಪೆಟ್ಟಿಗೆಯಲ್ಲಿಟ್ಟ ಇನ್ನೊಂದು ಚಾವಿಯನ್ನು ಹಾಕಿ ನೋಡಬೇಕು.

ಮೂರನೆಯದು ಪೆಟ್ರೋಲಿನ ಪರೀಕ್ಷೆ. ಇಂಜೆಕ್ಷನ್ ಪದ್ಧತಿಯ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೇ ಇರುತ್ತದೆ. ಸೆಲ್ಫ್ ಹೊಡೆಯದೆ ಚಾವಿಯನ್ನು ‘ಆನ್’ವರೆಗೆ ಮಾತ್ರ ತಿರುವಿ, ಹಿಂದಿನ ಸೀಟಿನ ಕಡೆ ಕಿವಿಗೊಡಿರಿ. ಒಂದೆರಡು ಸೆಕೆಂಡು ಸಣ್ಣ ಗುಂಯ್‌ಗುಡುವಿಕೆ ಕೇಳಬೇಕು. ಕೇಳದಿದ್ದರೆ ಫ್ಯೂಸ್ ಪೆಟ್ಟಿಗೆಯನ್ನು ತೆರೆದು ನೋಡಿರಿ. ಯಾವ ಫ್ಯೂಸು ಯಾವುದಕ್ಕೆಂದು ಮುಚ್ಚಳದ ಮೇಲೆ ಅಥವಾ ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ. ಸುಟ್ಟುದರ ಜಾಗದಲ್ಲಿ ಅಷ್ಟೇ ಆಂಪಿಯರಿನದನ್ನು ಹಾಕಬೇಕು, ಹೆಚ್ಚಿನದನ್ನಲ್ಲ. ತಂತಿ ಸುತ್ತುವುದಂತೂ ಬೆಂಕಿಗೆ ಆಮಂತ್ರಣ. ಹೊಸ ಫ್ಯೂಸೂ ಹೋದರೆ ಎಲ್ಲಿಯೋ ವೈರು ತಗಲುತ್ತಿದೆ ಎಂದು ತಿಳಿಯಿರಿ.

ಪದೇ ಪದೇ ಸೆಲ್ಫ್ ಹೊಡೆದು ಪೆಟ್ರೋಲಿನ ಕಮಟು ವಾಸನೆ ಬರುತ್ತಿದ್ದರೆ ಪ್ಲಗ್ಗು ತೊಯ್ದಿರುತ್ತದೆ. ಐದು ಹತ್ತು ನಿಮಿಷ ಸುಮ್ಮನಿದ್ದು, ಎಕ್ಸಲೇಟರನ್ನು ಪೂರ್ತಿ ಒತ್ತಿ ಹಿಡಿದು ಒಮ್ಮೆ ಸೆಲ್ಫ್ ಹೊಡೆಯಿರಿ. ಎಂಜಿನ್ ಹಿಡಿದ ಕೂಡಲೇ ಕಾಲು ತೆಗೆಯಿರಿ. ಹಳೆಯ ಕಾರ್ಬೊರೇಟರ್ ಗಾಡಿಗಳು ನಮ್ಮ ವೈಶಾಖದ ಬಿಸಿಲಲ್ಲಿ ಓಡಿ ನಿಂತ ಮೇಲೆ ಏಳದಿರುವುದಕ್ಕೆ ಪೈಪಿನೊಳಗಿನ ಪೆಟ್ರೋಲು ಆವಿಯಾಗುವುದೂ ಒಂದು ಕಾರಣ. ಬಾನೆಟ್ ತೆರೆದಿಟ್ಟು, ಎಂಜಿನ್ ಬದಿಯ ಪೆಟ್ರೋಲ್ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯುವುದೇ ಅದಕ್ಕೆ ಮದ್ದು.

ನಾಲ್ಕನೆಯದು ಕಿಡಿ. ಮಳೆಗಾಲದಲ್ಲಿ ಹಳೆಯ ಗಾಡಿಗಳ ಪ್ಲಗ್ ವೈರು ಮತ್ತು ಡಿಸ್ಟ್ರಿಬ್ಯೂಟರ್ ಮುಚ್ಚಳಕ್ಕೆ ತೇವ ಸೇರಿದರೆ ಒಣಬಟ್ಟೆಯಿಂದ ಒರೆಸಿದರೆ ಸಾಕಾದೀತು. ಅದಕ್ಕೆ ಮೊದಲು ಚಾವಿ ಆಫ್ ಆಗಿರಬೇಕು; ಆ ವೈರಿನಲ್ಲಿ ಹರಿಯುವುದು ಹತ್ತು ಸಾವಿರ ವೋಲ್ಟಿಗೂ ಮಿಗಿಲಾದ ವಿದ್ಯುತ್ತು. ಹೊಸ ಗಾಡಿಗಳಲ್ಲಿ ಕ್ರ್ಯಾಂಕ್ ಸೆನ್ಸರ್ ಕೆಟ್ಟರೂ ಕಿಡಿ ನಿಲ್ಲುತ್ತದೆ; ಅದು ಮೆಕ್ಯಾನಿಕ್ಕಿನ ಕೆಲಸ. ಐದನೆಯದು ಗಾಳಿ. ನಮ್ಮ ಎರೆಭೂಮಿಯ ಧೂಳಿನಲ್ಲಿ ಓಡುವ ಗಾಡಿಯ ಏರ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ ಅವಧಿಗಿಂತ ಮೊದಲೇ ತೆಗೆದು ನೋಡುವುದು ಲೇಸು.

ಡೀಸೆಲ್ ಗಾಡಿಗೆ ಪ್ಲಗ್ಗಿನ ಕಿಡಿ ಇಲ್ಲ. ಗಾಳಿಯನ್ನು ಒತ್ತಿದಾಗ ಹುಟ್ಟುವ ಕಾವಿನಿಂದಲೇ ಅದು ಉರಿಯುತ್ತದೆ. ಟ್ಯಾಂಕ್ ಒಮ್ಮೆ ಬರಿದಾಗಿದ್ದರೆ ಪೈಪಿನಲ್ಲಿ ಗಾಳಿ ಸೇರಿರುತ್ತದೆ. ಕೈಪಂಪು ಇದ್ದರೆ ಅದು ಗಟ್ಟಿಯಾಗುವವರೆಗೆ ಒತ್ತಬೇಕು. ಚಳಿಯ ಬೆಳಗಿನಲ್ಲಿ ಸುರುಳಿ ಗುರುತಿನ ದೀಪ ಆರಿದ ಮೇಲೆಯೇ ಸೆಲ್ಫ್ ಹೊಡೆಯಬೇಕು.

ಮಾಡಬಾರದವುಗಳನ್ನೂ ಹೇಳಬೇಕು. ಒಂದೇ ಉಸಿರಿಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು. ನಡುವೆ ಒಂದು ನಿಮಿಷ ಬಿಡಬೇಕು. ಪೆಟ್ರೋಲ್ ವಾಸನೆ ಇರುವಲ್ಲಿ ಬೀಡಿ, ಕಡ್ಡಿ ಬೇಡ. ಗಾಳಿಯ ಬಾಯಿಗೆ ಪೆಟ್ರೋಲ್ ಸುರಿಯಲೇಬಾರದು. ಅಮರ್ಜಾ, ಭೀಮೆಯರಿಗೆ ನೀರು ಬಂದಾಗ ಮುಳುಗಿದ ಸೇತುವೆಗೆ ಗಾಡಿ ಇಳಿಸುವ ಸಾಹಸವೇ ಸಲ್ಲದು. ನೀರಿನಲ್ಲಿ ನಿಂತುಹೋದ ಗಾಡಿಗೆ ಸೆಲ್ಫ್ ಹೊಡೆದರೆ ಒಳಹೊಕ್ಕ ನೀರು ಎಂಜಿನ್ನನ್ನೇ ಮುರಿದೀತು.

ಎಲ್ಲಕ್ಕಿಂತ ಮೊದಲಿನ ಪರೀಕ್ಷೆಯನ್ನು ಕೊನೆಗೆ ಹೇಳುತ್ತಿದ್ದೇನೆ: ಈ ಪ್ರಯಾಣ ಕಾಯಬಲ್ಲುದೇ? ಮದುವೆ, ಸಂತೆ, ಜಾತ್ರೆ ಒಂದು ತಾಸು ತಡೆದಾವು. ಹೆರಿಗೆ, ಹಾವಿನ ಕಡಿತ, ಎದೆನೋವು ತಡೆಯಲಾರವು. ನಮ್ಮ ನಾಡಿನಲ್ಲಿ 108ರ ಸೇವೆ 2008ರಿಂದ ಇದೆ. ಅಂಥ ಹೊತ್ತಿನಲ್ಲಿ ಗಾಡಿ ಎರಡನೆಯ ಸಲಕ್ಕೆ ಏಳದಿದ್ದರೆ ಒಬ್ಬರು ಫೋನ್ ಮಾಡಲಿ, ಇನ್ನೊಬ್ಬರು ನೆರೆಮನೆಯ ಗಾಡಿಗೆ ಓಡಲಿ; ಬಾನೆಟ್ ಎತ್ತುವುದು ಆಮೇಲೆ. ಮನೆಯಲ್ಲಿ ಬಸುರಿಯೋ ವೃದ್ಧರೋ ಇದ್ದರೆ ಸಂಜೆ ಒಮ್ಮೆ ಗಾಡಿ ಚಾಲೂ ಮಾಡಿ ನೋಡಿ ಮಲಗುವುದು ಒಳ್ಳೆಯ ರೂಢಿ.

ಆ ರಾತ್ರಿ ಹುಟ್ಟಿದ ಕೂಸು ಈಗ ಅಂಗಳದಲ್ಲಿ ಓಡಾಡುತ್ತದೆ. ನಮ್ಮ ಕಾರಿನ ಡ್ರಾದಲ್ಲಿ ಮಾತ್ರ ಅಂದಿನಿಂದ ನಾಲ್ಕು ಫ್ಯೂಸುಗಳೂ ಒಂದು ಟಾರ್ಚೂ ತಪ್ಪದೆ ಇರುತ್ತವೆ.